ಹೊಸ ರೈಟರ್ ಮಾತನ್ನು ಹಳಬರು ಕೇಳುವಂತೆ ಮಾಡುವುದು ಹೇಗೆ?

ಪ್ರಶ್ನೆ: ಕೊಡಗಿನ ಸುಂಟಿಕೊಪ್ಪ ಕಡೆ ಕಾಫಿ ತೋಟದಲ್ಲಿ ರೈಟರ್ ಕೆಲಸ (ಆಳುಗಳ ಮೇಲ್ವಿಚಾರಣೆ, ಲೆಕ್ಕ ಬರೆಯುವುದು) ಸಿಕ್ಕಿದೆ. ಅರೇಬಿಕಾ ಕೊಯ್ಲು ಹತ್ತಿರ ಬಂತು. 20 ಜನರಲ್ಲಿ ಹೆಚ್ಚಿನವರು ವಯಸ್ಸಿನಲ್ಲೂ ಅನುಭವದಲ್ಲೂ ಹಿರಿಯರು. ಗದರದೆ ಕೆಲಸ ಮಾಡಿಸುವುದು ಹೇಗೆ?

ಉತ್ತರ 1: ತೂಕದಿಂದ ಶುರು ಮಾಡಿ. ನಂಬಿಕೆ ಗಳಿಸುವುದೂ ಕಳೆದುಕೊಳ್ಳುವುದೂ ತಕ್ಕಡಿಯ ಹತ್ತಿರವೇ. ಖಾಲಿ ಚೀಲವನ್ನು ಎಲ್ಲರ ಎದುರು ತೂಗಿ, ಅಷ್ಟನ್ನೇ ಕಳೆಯಿರಿ. ಪ್ರತಿ ಚೀಲದ ಕಿಲೋ ಗಟ್ಟಿಯಾಗಿ ಓದಿ, ಅಲ್ಲೇ ಬರೆದು, ಅವರಿಗೂ ತೋರಿಸಿ. ರಾತ್ರಿ ನೆನಪಿನಿಂದ ಬರೆದರೆ ಬಟವಾಡೆ ದಿನ ಜಗಳ ಖಂಡಿತ. ಸಾಲು ಹಂಚುವಾಗಲೂ ಅಷ್ಟೇ, ಹಣ್ಣು ತುಂಬಿದ ಸಾಲು ದಿನವೂ ಒಬ್ಬರಿಗೇ ಹೋಗಬಾರದು. ಸರದಿ ಬದಲಿಸಿ.

ಉತ್ತರ 2: ತೂಕದ ಮಾತು ನೂರಕ್ಕೆ ನೂರು ಸರಿ. ಇನ್ನೊಂದು: ಹಸಿರು ಕಾಯಿ ಬೆರೆತಿದ್ದರೆ ಎಲ್ಲರ ಮುಂದೆ ಬೈಯಬೇಡಿ. ಪಕ್ಕಕ್ಕೆ ಕರೆದು, ಒಂದು ಹಿಡಿ ಸುರಿದು ತೋರಿಸಿ, ಕಾರಣ ಹೇಳಿ. ಕಾಯಿ, ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್‌ನಲ್ಲಿ ಸರಿಯಾಗಿ ಸಿಪ್ಪೆ ಬಿಡುವುದಿಲ್ಲ, ಬೀಜ ಜಜ್ಜಿಹೋಗುತ್ತದೆ, ಕಾಫಿಯ ರುಚಿ ಕೆಡುತ್ತದೆ. ಆದರೆ ಬರೀ ಕಿಲೋ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಕೈ ತಾನಾಗಿಯೇ ಇಡೀ ಗೊಂಚಲು ಸೆಳೆಯುತ್ತದೆ. ಅದು ಕೊಯ್ಯುವವರ ತಪ್ಪಲ್ಲ. ಮಾಲೀಕರ ಹತ್ತಿರ ಅದನ್ನು ಬಾಯಿಬಿಟ್ಟು ಹೇಳುವವರು ನೀವೇ ಆಗಬೇಕು.

ಉತ್ತರ 3: ಆನೆ ವಿಷಯ ಬಿಟ್ಟುಹೋಯಿತು. ಜನರನ್ನು ಒಳಗೆ ಬಿಡುವ ಮೊದಲು ಹಸಿ ಲದ್ದಿ, ಹೆಜ್ಜೆ, ಮುರಿದ ಕೊಂಬೆ ಇವೆಯೇ ನೋಡಿ. ಹಳಬರು "ಇವತ್ತು ಆ ಕಡೆ ಬೇಡ" ಅಂದರೆ ವಾದಿಸಬೇಡಿ. ಬದಲಿ ಬ್ಲಾಕ್ (ತೋಟದ ಇನ್ನೊಂದು ಭಾಗ) ಹಿಂದಿನ ಸಂಜೆಯೇ ಗೊತ್ತುಮಾಡಿಟ್ಟರೆ ಯಾರ ಕೂಲಿಯೂ ತಪ್ಪುವುದಿಲ್ಲ.