ಸ್ಯಾಟರ್ಡೇ ನೈಟ್ ಲೈವ್: ಹೋಸ್ಟ್ ಪಕ್ಕಕ್ಕೇ ನೋಡುವುದೇಕೆ?

ಪ್ರಶ್ನೆ (ಸರಸ್ವತಿಪುರಂ, ಮೈಸೂರು): ಭಾನುವಾರ ಮಗಳು ಈ ಅಮೆರಿಕದ ಹಾಸ್ಯ ಸ್ಕಿಟ್ಟುಗಳ ಶೋ ಹಾಕಿದ್ದಳು. ದೋಸೆ ಮುರಿಯುತ್ತಾ ನಾನೂ ಕೂತೆ. ಬ್ಯಾಂಡ್ ಚೆನ್ನಾಗಿತ್ತು. ಆದರೆ ಅತಿಥಿ ಹೋಸ್ಟ್ ಎದುರಿನವಳ ಮುಖ ಬಿಟ್ಟು ಪಕ್ಕಕ್ಕೇ ನೋಡುತ್ತಾನೆ. ಮಾತು ಮರೆತನಾ? ನಮ್ಮೂರ ನಾಟಕದಲ್ಲಾಗಿದ್ದರೆ ಶಿಳ್ಳೆ ಬೀಳುತ್ತಿತ್ತು.

ಉತ್ತರ 1: ಮರೆತಿಲ್ಲ, ಓದುತ್ತಿದ್ದಾನೆ! ಕ್ಯಾಮೆರಾ ಪಕ್ಕ ಕೈಬರಹದ ದೊಡ್ಡ ಕಾರ್ಡ್ ಹಿಡಿದು ನಿಂತಿರುತ್ತಾರೆ. ರಾತ್ರಿ 8ಕ್ಕೆ ಜನರ ಮುಂದೆ ರಿಹರ್ಸಲ್, 11:30ಕ್ಕೆ ಲೈವ್. ನಡುವೆ ನಗು ಬಾರದ ಸ್ಕಿಟ್ ಕಿತ್ತುಹಾಕಿ, ಸಾಲು ತಿದ್ದುತ್ತಾರೆ. ಬಾಯಿಪಾಠ ಹೇಗಾಗಬೇಕು?

ಉತ್ತರ 2 (ಮಂಡ್ಯ): ನಮ್ಮಲ್ಲಿ ಪರದೆ ಹಿಂದೆ ಮೇಷ್ಟ್ರು ಮಾತು ಎತ್ತಿಕೊಡುತ್ತಿದ್ದರಲ್ವಾ, ಅದೇ. 1975ರ ಅಕ್ಟೋಬರ್ 11ರ ಮೊದಲ ಕಂತಿನ ಹೋಸ್ಟ್, ಹಾಸ್ಯಗಾರ ಜಾರ್ಜ್ ಕಾರ್ಲಿನ್, ಸ್ಕಿಟ್ಟುಗಳಲ್ಲಿ ನಟಿಸಲೇ ಇಲ್ಲ. ಜಾಣ.

ಪ್ರಶ್ನೆ ಕೇಳಿದವರು: ಓಹೋ! ಈಗ ಮಗಳು ನಗು ಬಿಟ್ಟು ಬರೀ ಕಣ್ಣು ನೋಡುತ್ತಿದ್ದಾಳೆ. ನನ್ನದೇ ತಪ್ಪು.