ಸಹಾಯ ಬೇಕು: ಕ್ರಾಸ್‌ಮ್ಯಾಗ್ಲೆನ್ ರೇಂಜರ್ಸ್ ಕ್ಲಬ್‌ನ ಹಳೇ ನೆನಪುಗಳು

ಎಲ್ಲರಿಗೂ ನಮಸ್ಕಾರ. ಐರ್ಲೆಂಡ್‌ನಲ್ಲಿರುವ ಕನ್ನಡಿಗರಲ್ಲಿ ಒಂದು ಕೋರಿಕೆ. ಉತ್ತರ ಐರ್ಲೆಂಡ್‌ನ ಆರ್ಮಾ ಕೌಂಟಿಯ ಗೇಲಿಕ್ ಫುಟ್‌ಬಾಲ್ (ಕೈ, ಕಾಲು ಎರಡೂ ಬಳಸಿ ಆಡುವ ಐರಿಶ್ ಆಟ) ಕ್ಲಬ್ ಕ್ರಾಸ್‌ಮ್ಯಾಗ್ಲೆನ್ ರೇಂಜರ್ಸ್ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. 1887ರಲ್ಲಿ ಶುರುವಾದ ಕ್ಲಬ್ ಇದು. 1997ರಿಂದ 2012ರೊಳಗೆ ಆರು ಸಲ ಆಲ್ ಐರ್ಲೆಂಡ್ ಕ್ಲಬ್ ಚಾಂಪಿಯನ್ ಆಯಿತು. ಅದೂ ಸಂಬಳವಿಲ್ಲದೆ ಆಡುವ ಊರ ಹುಡುಗರಿಂದ! ಆ ಗೆಲುವುಗಳ ವಿವರ ಬೇಕಾದಷ್ಟು ಸಿಗುತ್ತದೆ.

ನನಗೆ ಜಾಸ್ತಿ ಬೇಕಿರುವುದು ಅದಕ್ಕೂ ಹಿಂದಿನ ಕಾಲ. ಬ್ರಿಟನ್ ಆಡಳಿತದ ಉತ್ತರ ಐರ್ಲೆಂಡ್‌ನಲ್ಲಿ ಸಶಸ್ತ್ರ ಸಂಘರ್ಷ ನಡೆಯುತ್ತಿದ್ದ 1970ರ ದಶಕದಲ್ಲಿ ಬ್ರಿಟಿಷ್ ಸೇನೆ ಕ್ಲಬ್‌ನ ಮೈದಾನದ ಒಂದಷ್ಟು ಜಾಗ ವಶಪಡಿಸಿಕೊಂಡಿತು. ಪಕ್ಕದಲ್ಲೇ ಸೇನೆಯ ಠಾಣೆ, ತಲೆ ಮೇಲೆ ಹೆಲಿಕಾಪ್ಟರ್. ಅದರ ನಡುವೆಯೂ ಕ್ಲಬ್ ಉಳಿಯಿತು ಅಲ್ವಾ, ಅದೇ ದೊಡ್ಡ ಕಥೆ. ಆಗ ಅಲ್ಲಿ ಆಡಿದವರು, ಆಟ ನೋಡಿದವರು ನಿಮ್ಮ ಆಫೀಸಿನಲ್ಲೋ ನೆರೆಮನೆಯಲ್ಲೋ ಇದ್ದರೆ ದಯವಿಟ್ಟು ಪರಿಚಯ ಮಾಡಿಸಿ. ಹಳೇ ಫೋಟೋ ಇದ್ದರೂ ಸಾಕು, ನೋಡಿ ಜೋಪಾನವಾಗಿ ವಾಪಸ್ ಕೊಡುತ್ತೇನೆ. ಶನಿವಾರ, ಭಾನುವಾರ ನಾನೇ ಬರುತ್ತೇನೆ.