ಓದುಗರ ಸ್ಪಂದನ: ನಾಲ್ಕು ಸಲ ಹೋಗಿ ಬಂದ 2,618 ರೂಪಾಯಿ

ಕಳೆದ ವಾರ ಶಿರಸಿಯ ಓದುಗರೊಬ್ರ ಪತ್ರ ಹಾಕಿದ್ವಿ. ಓದದೇ ಇದ್ದೋರಿಗೆ ಚಿಕ್ಕದಾಗಿ ಹೇಳ್ತೀವಿ. ಪಿಯುಸಿಯಲ್ಲಿ ಒಟ್ಟಿಗೆ ಓದಿದ ಆರು ಗೆಳತಿಯರು ಇಪ್ಪತ್ತೆರಡು ವರ್ಷದ ಮೇಲೆ ಬೆಂಗಳೂರಲ್ಲಿ ಸೇರಿದ್ರು. ಊಟಕ್ಕೆ ಹೋಗಿದ್ದು ಒಂದು ದುಬಾರಿ ಮಲೇಷಿಯನ್ ರೆಸ್ಟೊರೆಂಟಿಗೆ, ಜಾಗ ಆರಿಸಿದ್ದು ಅಲ್ಲೇ ಒಳ್ಳೆ ಕೆಲಸದಲ್ಲಿರೋ ಗೆಳತಿ. ಪತ್ರ ಬರೆದವರು ಖಾಸಗಿ ಶಾಲೆ ಟೀಚರ್, ಸಸ್ಯಾಹಾರಿ. ತಿಂದಿದ್ದು ರೊಟಿ ಚನಾಯ್ ಅನ್ನೋ ಒಂದು ರೊಟ್ಟಿ (390), ಕುಡಿದಿದ್ದು ತೆಹ್ ತಾರಿಕ್ ಅನ್ನೋ ಒಂದು ಹಾಲಿನ ಚಾ (210). ಒಟ್ಟು ಬಿಲ್ 15,708, ಸಮ ಹಂಚಿದ್ರೆ ತಲೆಗೆ 2,618. ಇವರು ಫೋನ್ ಹಿಡ್ಕೊಂಡು ಬ್ಯಾಲೆನ್ಸ್ ನೋಡ್ತಾ ಇದ್ದಾಗ ಆ ಗೆಳತಿ ಎಲ್ಲರ ಎದುರು "ಅವಳದ್ದು ನಾ ಕೊಡ್ತೆ ಬಿಡ್ರೇ, ಪಾಪ" ಅಂದ್ಲು. ಊರಿಗೆ ಬಂದ್ಮೇಲೆ ಇವರು ಯುಪಿಐಯಲ್ಲಿ 2,618 ಕಳಿಸಿದ್ರು. ವಾಪಸ್ ಬಂತು. ಮತ್ತೆ ಕಳಿಸಿದ್ರು, ಮತ್ತೆ ಬಂತು. ಹೀಗೆ ನಾಲ್ಕು ಸಲ. ಮಾತು ನಿಂತಿದೆ. ಜನವರಿಯಲ್ಲಿ ಗೋಕರ್ಣದಲ್ಲಿ ಎಲ್ಲರೂ ಮತ್ತೆ ಸೇರೋದಿದೆ. ಐದನೇ ಸಲ ಕಳಿಸ್ಲಾ, ಸುಮ್ನಿರ್ಲಾ, ಗೋಕರ್ಣಕ್ಕೆ ಹೋಗ್ಲಾ ಬೇಡ್ವಾ ಅನ್ನೋದು ಅವರ ಪ್ರಶ್ನೆ.

ಉತ್ತರಗಳು ನಾವು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಬಂದ್ವು. ಮೊದಲು ಕುಮಟಾದ ಒಬ್ರದ್ದು, ಪೂರ್ತಿ ಇಷ್ಟೇ:

"ಪಾಪ ಅಂದಿದ್ದಕ್ಕೆ ಇಷ್ಟೆಲ್ಲ ರಂಪನಾ? ನಮ್ಮ ಕಡೆ ಬಸ್ ತಪ್ಪಿದೋರಿಗೂ ಪಾಪ ಅಂತಾರೆ, ಬಸ್ ಕೆಟ್ಟು ನಿಂತ್ರೆ ಡ್ರೈವರಿಗೂ ಪಾಪ ಅಂತಾರೆ. ಫೋನ್ ಕೆಳಗಿಟ್ಟು ಮಕ್ಕಳ ಪೇಪರ್ ತಿದ್ದಿ."

ಬಸ್ ತಪ್ಪಿದಾಗ ಎದುರಿಗೆ ಐದು ಜನ ಗೆಳತಿಯರು ಕೂತು ನೋಡ್ತಾ ಇರೋದಿಲ್ಲ, ಅಷ್ಟು ಮಾತ್ರ ನಾವು ಸೇರಿಸ್ತೀವಿ. ಮುಂದಿನದು ಯಲ್ಲಾಪುರದ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ರದ್ದು.

"ಬಿಲ್ಲಿನ ವಿವರ ಕೊಟ್ಟಿದ್ದು ಒಳ್ಳೇದಾಯ್ತು. ಊಟದ್ದು 13,600, ಅದರ ಮೇಲೆ ಶೇಕಡಾ 10 ಸರ್ವಿಸ್ ಚಾರ್ಜ್ 1,360, ಎರಡೂ ಸೇರಿ 14,960, ಅದಕ್ಕೆ 5 ಪರ್ಸೆಂಟ್ ಜಿಎಸ್‌ಟಿ 748, ಒಟ್ಟು 15,708. ಲೆಕ್ಕ ಸರಿ ಇದೆ ಆದ್ರೆ ನ್ಯಾಯ ಸರಿ ಇಲ್ಲ. ಈ ಸರ್ವಿಸ್ ಚಾರ್ಜ್ ಅನ್ನೋದು ಟ್ಯಾಕ್ಸ್ ಅಲ್ಲ, ಸರ್ಕಾರಕ್ಕೆ ಹೋಗೋದಲ್ಲ, ಗಿರಾಕಿ ಇಷ್ಟಪಟ್ರೆ ಮಾತ್ರ ಕೊಡೋದು. ಬಿಲ್ಲಲ್ಲಿ ತಾನಾಗೇ ಸೇರಿಸ್ಬಾರ್ದು ಅಂತ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದೆ, ಹೋಟೆಲಿನೋರು ಕೋರ್ಟಿಗೆ ಹೋದ್ರು, ದೆಹಲಿ ಹೈಕೋರ್ಟು 2025ರ ಮಾರ್ಚಲ್ಲಿ ಪ್ರಾಧಿಕಾರದ ಮಾತನ್ನೇ ಎತ್ತಿಹಿಡೀತು. ತೆಗೀರಿ ಅಂದ್ರೆ ತೆಗೀಬೇಕು, ಇಲ್ಲ ಅಂದ್ರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡ್ಬೋದು. ಆರು ಜನ ಓದಿದೋರು ಕೂತಿದ್ರಿ, ಒಬ್ಬರಾದ್ರೂ ಬಿಲ್ ಓದ್ಲಿಲ್ವಾ? ಓದಿದ್ರೆ ತಲೆಗೆ 238 ರೂಪಾಯಿ ಉಳೀತಿತ್ತು.

ಇನ್ನೊಂದು. ನೀವು ತಿಂದಿದ್ದು 600 ರೂಪಾಯಿದು. ಸರ್ವಿಸ್ ಚಾರ್ಜು ಜಿಎಸ್‌ಟಿ ಎಲ್ಲ ಹಾಕಿದ್ರೂ 693 ಆಗ್ತದೆ. 2,618 ಎಂತಕ್ಕೆ ಕಳಿಸ್ತಾ ಇದ್ದೀರಿ ಅಂತ ನಂಗೆ ಅರ್ಥ ಆಗ್ಲಿಲ್ಲ. ಬೇರೆಯವರು ತಿಂದ ಏಡಿದು ನೀವು ಕೊಡೋದು, ನಿಮ್ಮ ರೊಟ್ಟಿದು ಅವರು ಕೊಡೋದು, ಇದು ಯಾವ ಖಾತೆಗೂ ಕೂರೋದಿಲ್ಲ."

ಕೇಳಿದ ಪ್ರಶ್ನೆಗೆ ಇದು ಉತ್ತರ ಅಲ್ಲ. ಆದ್ರೂ ಆ 693ನ್ನ ಓದುಗರು ನೆನಪಲ್ಲಿ ಇಟ್ಕೋಬೇಕು.

ಕಾರವಾರದ ಒಬ್ಬ ಅಮ್ಮನಿಗೆ ದುಡ್ಡಿಗಿಂತ ಮೆನುನೇ ಬೇಜಾರು ತಂದಿದೆ:

"ಮಲೇಷಿಯಾ ಹೋಟೆಲಿಗೆ ಹೋಗಿ ರೊಟ್ಟಿ ತಿಂದು ಬಂದ್ರಾ ಬಾಯೀ! ನನ್ನ ಮಗ ಕ್ವಾಲಾಲಂಪುರದಲ್ಲಿ ಇದ್ದಾಗ ನಾನು ಮೂರು ತಿಂಗಳು ಇದ್ದು ಬಂದೋಳು ಅದಕ್ಕೆ ಹೇಳ್ತೇನೆ. ಅಲ್ಲಿ ನಾಸಿ ಲೆಮಾಕ್ ಅಂದ್ರೆ ದೊಡ್ಡ ಸಂಗತಿ ಏನಲ್ಲ, ಬೆಳಿಗ್ಗೆ ಕೆಲಸಕ್ಕೆ ಹೋಗೋರು ರಸ್ತೆ ಬದಿಗೆ ಬಾಳೆಎಲೆ ಪೊಟ್ಟಣ ತಗೊಂಡು ಹೋಗ್ತಾರೆ, ಕಾಯಿಹಾಲಲ್ಲಿ ಬೇಯಿಸಿದ ಅನ್ನ, ಶೇಂಗಾ, ಸೌತೆಕಾಯಿ, ಅರ್ಧ ಮೊಟ್ಟೆ, ಕರಿದ ಸಣ್ಣ ಒಣಮೀನು, ಮೇಲಿಂದ ಸಾಂಬಾಲ್ ಅನ್ನೋ ಕೆಂಪು ಖಾರದ ಚಟ್ನಿ. ಗಂಜಿಗೆ ಒಣಮೀನು ಸುಟ್ಟು ಚಟ್ನಿ ಮಾಡ್ಕೊಂಡು ತಿಂದ ನಮಗೆ ಅದು ಪರದೇಶದ್ದು ಅಂತ ಅನ್ಸೋದೇ ಇಲ್ಲ. ಅನ್ನಕ್ಕೆ ಪಾಂಡನ್ ಎಲೆ ಹಾಕ್ತಾರೆ, ನಮ್ಮ ಕೇದಗೆ ಜಾತಿದೇ. ಪೆನಾಂಗ್ ಕಡೆ ಹುಳಿ ಲಕ್ಸಾ ಅಂತ ಶಾವಿಗೆ ಹಾಕಿದ ಮೀನು ಸಾರು ಮಾಡ್ತಾರೆ, ಅದರ ಹುಳಿ ನಿಮ್ಮ ಶಿರಸಿ ಕಾಡಲ್ಲಿ ಆರಿಸಿ ಮಾರ್ತಾರಲ್ಲ ಉಪ್ಪಾಗೆ, ಅದರ ಅಕ್ಕತಂಗಿ ಗಿಡದ್ದು, ಹೋಳು ಮಾಡಿ ಒಣಗಿಸಿ ಇಡ್ತಾರೆ, ಅದರಲ್ಲಿ ಹಾಕೋ ಮೀನು ನಮ್ಮ ಬಾಂಗಡೆನೇ! ಇದನ್ನೇ ಬೆಂಗಳೂರಲ್ಲಿ ಕರಿ ಪ್ಲೇಟಲ್ಲಿ ಇಟ್ಟು ಸಾವಿರ ತಗೋತಾರೆ.

ಮತ್ತೆ ನೀವು ಶುದ್ಧ ಸಸ್ಯಾಹಾರಿ ಆದ್ರೆ ಇನ್ಮೇಲೆ ಹುಷಾರಾಗಿ ಕೇಳಿ. ಸಾಂಬಾಲಿಗೆ ಬೆಲಚಾನ್ ಹಾಕ್ತಾರೆ, ಸಿಗಡಿನ ಉಪ್ಪು ಹಾಕಿ ಹುದುಗಿಸಿ ಒಣಗಿಸಿದ ಉಂಡೆ ಅದು. ತರಕಾರಿ ಪಲ್ಯ ಅಂತ ಕೊಟ್ಟಿದ್ರಲ್ಲೂ ಇರ್ಬೋದು. ರೊಟ್ಟಿ ಆರಿಸಿದ್ದು ಒಂದು ಲೆಕ್ಕದಲ್ಲಿ ಜಾಣತನ, ಅದು ನಮ್ಮ ತೆಂಕಣ ಸೀಮೆ ಜನ ಅಲ್ಲಿಗೆ ತಗೊಂಡು ಹೋದ ಪರೋಟನೇ. ಗೆಳತಿ ವಿಷಯ ನಂಗೆ ಗೊತ್ತಾಗೋದಿಲ್ಲ."

ಈಗ ಮೇಜಿನ ಆಚೆ ಕಡೆಯಿಂದ ಒಂದು. ಶಿರಸಿಯವರೇ, ಹದಿನೈದು ವರ್ಷದಿಂದ ಬೆಂಗಳೂರಲ್ಲಿ ಇದ್ದಾರೆ.

"ಪತ್ರ ಓದಿ ಎರಡು ರಾತ್ರಿ ನಿದ್ದೆ ಸರಿ ಬರ್ಲಿಲ್ಲ, ಯಾಕಂದ್ರೆ ನಾನೂ ಆ ಗೆಳತಿ ತರದವಳೇ. ನಾವು ಬೇಕಂತ ಮಾಡೋದಲ್ಲ. ಊರಿಂದ ಯಾರಾದ್ರೂ ಬಂದ್ರೆ ನಂಗೆ ಮೈಯೆಲ್ಲ ಮುಜುಗರ, ನನ್ನ ಸಂಬಳ ಎಷ್ಟು ಅಂತ ಅವರಿಗೆ ಗೊತ್ತಾದ್ರೆ ಅಂತ, ಗೊತ್ತಾಗದಿದ್ರೆ ಮತ್ತೆ ಜಿಪುಣಿ ಅಂದ್ಕೊಂಡ್ರೆ ಅಂತ. ಆ ಮುಜುಗರ ಕಳ್ಕೊಳ್ಳೋಕೆ ಬಿಲ್ ಎಳ್ಕೊಳ್ತೀನಿ, ಬಾಯಿಗೆ ಏನು ಬರ್ತದೋ ಅದು ಹೇಳ್ತೀನಿ. ದುಡ್ಡು ವಾಪಸ್ ಬಂದ್ರೆ ಕೆನ್ನೆಗೆ ಹೊಡೆದ ಹಾಗೆ ಆಗ್ತದೆ. ಅಕ್ಕಾ, ದಯವಿಟ್ಟು ಐದನೇ ಸಲ ಕಳಿಸ್ಬೇಡಿ. ಅವಳೂ ಫೋನ್ ಹಿಡ್ಕೊಂಡು ಕೂತಿರ್ತಾಳೆ."

ಪ್ರಾಮಾಣಿಕ ಪತ್ರ. ಕೆನ್ನೆ ಎರಡೂ ಕಡೆಯವರಿಗೆ ಇದೆ ಅನ್ನೋದು ಇದರಿಂದ ಗೊತ್ತಾಯ್ತು.

"ಬೆಂಗಳೂರು ಬಿಡಿ, ಎಲ್ಲರನ್ನೂ ಮನೆಗೆ ಕರೀರಿ, ಅಪ್ಪೆಹುಳಿ ತಂಬುಳಿ ತೊಡದೇವು ಮಾಡಿ ಬಡಿಸಿ, ಲೆಕ್ಕ ಚುಕ್ತಾ" ಅಂತ ಒಂಬತ್ತು ಜನ ಬರೆದಿದ್ದಾರೆ. ಅದರಲ್ಲಿ ಎಂಟು ಜನ ಗಂಡಸರು. ತೊಡದೇವು ಎರೆಯೋಕೆ ಒಲೆ ಮುಂದೆ ಯಾರು ಕೂರೋದು ಅಂತ ಯಾರೂ ಬರೆದಿಲ್ಲ, ಹಾಗಾಗಿ ಒಂದನ್ನೂ ಹಾಕ್ತಾ ಇಲ್ಲ.

ಅಂಕೋಲದಿಂದ ಬಂದ ಈ ಪತ್ರ ಉದ್ದ ಇದೆ. ಕತ್ತರಿ ಹಾಕೋಕೆ ನೋಡಿದ್ವಿ, ಮನಸ್ಸಾಗ್ಲಿಲ್ಲ.

"ನಾನು ಹಡಗಿನ ಅಡುಗೆಮನೆಯಲ್ಲಿ ಇಪ್ಪತ್ತೊಂದು ವರ್ಷ ಕೆಲಸ ಮಾಡಿ ಈಗ ಮನೇಲಿ ಇದ್ದೇನೆ. ಪೋರ್ಟ್ ಕ್ಲಾಂಗಲ್ಲಿ, ಪೆನಾಂಗಲ್ಲಿ ಹಡಗು ನಿಂತಾಗ ಹೊರಗೆ ಹೋಗಿ ಇಕಾನ್ ಬಕಾರ್ ತಿಂತಾ ಇದ್ವಿ, ಇಡೀ ಮೀನಿಗೆ ಖಾರ ಸವರಿ ಬಾಳೆಎಲೆ ಮೇಲಿಟ್ಟು ಕೆಂಡದಲ್ಲಿ ಸುಡೋದು. ಪ್ರತಿ ಸಲ ತಿನ್ನುವಾಗ ಊರಿನ ದೋಸ್ತ ನೆನಪಾಗ್ತಿದ್ದ, ಅವನು ಮೀನುಗಾರರ ಮನೆಯವ, ಬಲೆ ಹಾಕೋನು, ಶಾಲೆಯಲ್ಲಿ ನನ್ನ ಪಕ್ಕದಲ್ಲಿ ಕೂರೋನು. ಇವನಿಗೊಂದು ಸಲ ತಿನ್ನಿಸ್ಬೇಕಲ ಅಂತ.

2011ರಲ್ಲಿ ರಜೆಗೆ ಬಂದಾಗ ಪಣಜಿಯ ಒಂದು ದೊಡ್ಡ ಹೋಟೆಲಲ್ಲಿ ಮಲೇಷಿಯಾ ಊಟ ಸಿಗ್ತದೆ ಅಂತ ಗೊತ್ತಾಯ್ತು. ಗಾಡಿ ಮಾಡ್ಕೊಂಡು ನಾಲ್ಕು ಜನ ದೋಸ್ತರನ್ನ ಕರ್ಕೊಂಡು ಹೋದೆ. ನಾನು ಕರೆದದ್ದು, ನಾನು ಕೊಡೋದು ಅಂತ ನನ್ನ ಮನಸಲ್ಲಿ, ಬಾಯಿ ಬಿಟ್ಟು ಹೇಳಿರ್ಲಿಲ್ಲ. ಮೆನುವಿನಲ್ಲಿ ಮೀನಿನ ಮುಂದೆ 240 ಅಂತ ಇತ್ತು. ದೋಸ್ತ ಅದನ್ನ ನೋಡಿ ಐಸ್ ಮೇಲಿಟ್ಟ ಒಂದು ಕೆಂಪು ಮೀನು ತೋರ್ಸಿ ಇದು ಮಾಡು ಅಂದ. ಅವನೇ ಕಿವಿರು ಎತ್ತಿ ನೋಡಿ, ಬೆರಳಲ್ಲಿ ಒತ್ತಿ ನೋಡಿ ಆರಿಸಿದ್ದು. ಮೀನು ಚಲೋ ಇತ್ತು. ಬಿಲ್ ಬಂದಾಗ ಮೀನಿದು ಒಂದೇ 3,120. ಅದು 100 ಗ್ರಾಂಗೆ 240 ಅಂತೆ, ಕೆಳಗೆ ಇರುವೆ ಸಾಲಿನ ಹಾಗೆ ಬರೆದಿದ್ರು. ಮೀನು ತೂಗಿದ್ದು ಒಂದು ಕಿಲೋ ಮುನ್ನೂರು.

ಉಳಿದವರು ನಕ್ಕಿದ್ದೇ ನಕ್ಕಿದ್ದು, ಮೀನುಗಾರನೇ ಮೀನಿನ ರೇಟಿಗೆ ಬಿದ್ದ ಅಂತ. ನಾನೂ ನಕ್ಕೆ. ಅವನು ಅಂಗಿ ಕಿಸೆಗೆ ಕೈ ಹಾಕಿದ. ನಾನು ಅವನ ಕೈ ಹಿಡಿದು ಕೆಳಗೆ ದೂಡಿ 'ಇಡೋ ಮಾರಾಯ, ನಿನ್ನತ್ರ ಎಲ್ಲಿಂದ ಆಗ್ತದೆ' ಅಂದೆ. ಪ್ರೀತಿಯಿಂದಲೇ ಅಂದದ್ದು, ದೇವರಾಣೆ. ಅವನು ಕೈ ತೆಗೆದ. ವಾಪಸ್ ಬರುವಾಗ ಗಾಡಿಯಲ್ಲಿ ಕಿಟಕಿ ಪಕ್ಕ ಕೂತು ಮಲಗಿದ ಹಾಗೆ ಮಾಡಿದ.

ಮುಂದಿನ ಮೇ ತಿಂಗಳಲ್ಲಿ ಅವನ ಮಗ ಸೈಕಲ್ ಮೇಲೆ ಎರಡು ಡಜನ್ ಕರಿ ಈಶಾಡ ಮಾವಿನಹಣ್ಣು ತಂದುಕೊಟ್ಟ, ಬುಟ್ಟಿಗೆ ಹುಲ್ಲು ಹಾಸಿ, ಒಂದಕ್ಕೊಂದು ತಾಗದ ಹಾಗೆ. ಈಗ ಜಿಐ ಟ್ಯಾಗ್ ಬಂದು ಅದರ ಹೆಸರು ದೊಡ್ಡದಾಗಿದೆ, ಆಗ ಇಷ್ಟು ಇರ್ಲಿಲ್ಲ, ಆದ್ರೂ ಮನೆ ಮರದ್ದು ಅಂದ್ರೆ ಸುಮ್ನೆ ಅಲ್ಲ. ಅದರ ಸಿಪ್ಪೆ ತೆಳು, ಎರಡು ದಿನ ಇಟ್ರೆ ಹೋಯ್ತು, ಅಷ್ಟು ಜೋಪಾನದಿಂದ ತರಿಸಿದ್ದಾನಲ್ಲ ಅಂತ ನಂಗೆ ಖುಷಿಯೋ ಖುಷಿ. ಪ್ರತಿ ವರ್ಷ ಬಂತು. ನಾನು ಹಡಗಲ್ಲಿ ಇದ್ರೆ ಹೆಂಡತಿ ಫೋನಲ್ಲಿ ಹೇಳ್ತಿದ್ಲು. ಹಡಗಿನ ಹುಡುಗರಿಗೆಲ್ಲ ಹೇಳ್ಕೊಂಡು ಬಂದೆ, ನೋಡ್ರೋ, ದೋಸ್ತಿ ಅಂದ್ರೆ ಇದು ಅಂತ. ಅವನು ಮಾತ್ರ ಒಂದು ಸಲನೂ ಬರ್ಲಿಲ್ಲ, ಅದು ನನ್ನ ತಲೆಗೇ ಹೋಗ್ಲಿಲ್ಲ.

2018ರಲ್ಲಿ ಮಾವು ಬರ್ಲಿಲ್ಲ. ಮೈ ಹುಷಾರಿಲ್ವೋ ಏನೋ ಅಂತ ಅವನ ಮನೆಗೆ ಹೋದೆ. ಅಂಗಳದಲ್ಲಿ ಬಲೆ ಹೊಲೀತಾ ಕೂತಿದ್ದ, ಮರದ ತುಂಬ ಕಾಯಿ. ಈ ವರ್ಷ ನಂಗೆ ಇಲ್ವೇನೋ ಅಂತ ತಮಾಷೆಗೆ ಕೇಳಿದೆ. ತಲೆ ಎತ್ತದೇ ಹೇಳಿದ, 'ಲೆಕ್ಕ ಮುಗೀತಲ. ಡಜನ್ನಿಗೆ 260 ಹಿಡಿದಿದ್ದೆ. ಹೋದ ವರ್ಷಕ್ಕೆ 3,120 ಆಯ್ತು.'

ಅವನ ಹೆಂಡತಿ ಚಾ ತಂದಿಟ್ಲು. ಅವಳೇ ಆಮೇಲೆ ಹೇಳಿದ್ದು, ಆವತ್ತು ಪಣಜಿಗೆ ಬರುವಾಗ ಬಲೆ ರಿಪೇರಿಗೆ ಅಂತ ಎತ್ತಿಟ್ಟ ನಾಲ್ಕು ಸಾವಿರ ಕಿಸೆಯಲ್ಲಿ ಹಾಕ್ಕೊಂಡೇ ಬಂದಿದ್ನಂತೆ, ದೋಸ್ತ ಕರೆದಿದ್ದಾನೆ ಕೈ ಖಾಲಿ ಹೋಗ್ಬಾರ್ದು ಅಂತ. ಅಂದ್ರೆ ಅವನ ಹತ್ರ ಇತ್ತು. ಇದ್ದದ್ದನ್ನ ತೆಗೆಯೋಕೆ ನಾನು ಬಿಡ್ಲಿಲ್ಲ.

ಈಗಲೂ ಮಾತಾಡ್ತೇವೆ. ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ರೆ ಮಳೆ ಎಷ್ಟು ಬಂತು, ಬಂಗಡೆ ಬಿತ್ತಾ ಅಂತ ಕೇಳ್ತೇನೆ. ಒಟ್ಟಿಗೆ ಕೂತು ಒಂದು ತುತ್ತು ತಿಂದಿಲ್ಲ. ಟೀಚರಮ್ಮನಿಗೆ ಹೇಳೋಕೆ ನನ್ನತ್ರ ಏನೂ ಇಲ್ಲ, ಅವರು ಮಾಡ್ತಾ ಇರೋದು ಸರಿನೇ ಇದೆ. ಆ ಬೆಂಗಳೂರಿನ ತಂಗಿ ಇದನ್ನ ಓದ್ತಾ ಇದ್ರೆ, ಅವಳು ಕಳಿಸಿದ ದುಡ್ಡು ಇಟ್ಕೊಳ್ಳಮ್ಮ. ನಿಂಗೆ ಅವಳು ಈಗಲೇ ಕೊಡ್ತಾ ಇದ್ದಾಳೆ. ನಂಗೆ ಆರು ವರ್ಷ ತಿನ್ನಿಸಿ ಆಮೇಲೆ ಹೇಳಿದ."

ಬೆಂಗಳೂರಿನ ಆ ಗೆಳತಿ ನಮ್ಮ ಓದುಗರಾ ಅಂತ ನಮಗೆ ಗೊತ್ತಿಲ್ಲ. ಆಗಿದ್ರೆ ಒಳ್ಳೇದಿತ್ತು.

ಹೊನ್ನಾವರದಿಂದ ಒಂದು ಪೋಸ್ಟ್‌ಕಾರ್ಡ್, ಈ ಕಾಲದಲ್ಲೂ: "ಗೋಕರ್ಣಕ್ಕೆ ಹೋಗಿ. ಊಟ ಮೊದಲೇ ಮಾಡ್ಕೊಂಡು ಹೋಗಿ."

ಸಿದ್ದಾಪುರದ ಒಬ್ಬ ಅಜ್ಜಿ ಮೊಮ್ಮಗನ ಕೈಲಿ ಟೈಪ್ ಮಾಡಿಸಿದ್ದಾರೆ: "ಯಂತಕ್ಕೆ ತಲೆ ಕೆಡಿಸ್ಕತ್ತೆ ತಂಗಿ. ಆ ದುಡ್ಡಲ್ಲಿ ಒಂದು ಚೊಲೋ ಸೀರೆ ತಗ." ಯಾವ ದುಡ್ಡಲ್ಲಿ, ಇವರದ್ದಾ ಅವಳದ್ದಾ, ಅಂತ ಕೇಳಿ ಮೊಮ್ಮಗನಿಗೆ ಬರೆದಿದ್ದೀವಿ.

ಇದನ್ನ ಮುಗಿಸ್ತಾ ಇರುವಾಗ ಪ್ರಶ್ನೆ ಕೇಳಿದವರಿಂದಲೇ ಒಂದು ಮೇಲ್ ಬಂತು. ಬಂದ ಕೆಲವು ಪತ್ರಗಳನ್ನ ಅವರಿಗೆ ಮೊದಲೇ ಕಳಿಸಿದ್ವಿ, ಯಲ್ಲಾಪುರದ್ದೂ ಅಂಕೋಲದ್ದೂ ಸೇರಿ.

"ಸೋಮವಾರ ಶಾಲೆ ಬಿಟ್ಮೇಲೆ 693 ರೂಪಾಯಿ ಕಳಿಸಿದೆ. ನೋಟ್ ಅಂತ ಬರೆಯೋ ಜಾಗದಲ್ಲಿ 'ರೊಟ್ಟಿ, ಚಾ' ಅಂತ ಹಾಕಿದೆ. ರಾತ್ರಿ ಊಟ ಆಗೋವರೆಗೂ ಫೋನ್ ನೋಡ್ತಾನೇ ಇದ್ದೆ, ವಾಪಸ್ ಬರ್ಲಿಲ್ಲ. ಒಂಬತ್ತೂವರೆಗೆ ಅವಳ ಮೆಸೇಜ್ ಬಂತು, ಎರಡು ತಿಂಗಳಾದ್ಮೇಲೆ. 'ಆ ರೊಟ್ಟಿ ಚೊಲೋ ಇತ್ತನೇ?' ಅಂತ. ಇನ್ನೂ ಉತ್ತರ ಬರೆದಿಲ್ಲ. ರೊಟ್ಟಿ ನಿಜವಾಗ್ಲೂ ಚೊಲೋ ಇತ್ತು."